ಕಲಬುರಗಿಯಲ್ಲಿ ನಾಲ್ಕು ಸ್ಟಾರ್, ಮಂಗಳೂರಿನಲ್ಲಿ ಒಂದು: ಮೀನಿನ ತೊಟ್ಟಿಗೆ ಕಟ್ಟುವ ಫ್ಯಾನ್

ಡಬ್ಬಿಯ ಮೇಲೆ ‘3ರಿಂದ 5 ಡಿಗ್ರಿ ತಂಪು’ ಎಂದು ಅಚ್ಚಾಗಿದೆ. ಯಾವ ಊರಿನಲ್ಲಿ, ಎಂಥ ಹವೆಯಲ್ಲಿ, ಎಷ್ಟು ನೀರಿಗೆ ಎಂಬುದರ ಬಗ್ಗೆ ಒಂದಕ್ಷರವೂ ಇಲ್ಲ. ನಮ್ಮ ಕಚೇರಿಗೆ ಇಂಥ ಅರ್ಜಿ ಬಂದರೆ ‘ವಿವರ ಅಪೂರ್ಣ’ ಎಂದು ಷರಾ ಬರೆದು ಹಿಂದಿರುಗಿಸುತ್ತೇವೆ. ಎರಡು ಬೇಸಿಗೆ ಈ ಫ್ಯಾನನ್ನು ಓಡಿಸಿ, ದಿನಕ್ಕೆ ಮೂರು ಹೊತ್ತು ತೊಟ್ಟಿಯ ಉಷ್ಣತೆಯನ್ನು ಹಳೆಯ ರಿಜಿಸ್ಟರೊಂದರಲ್ಲಿ ಬರೆದಿಟ್ಟುಕೊಂಡಿದ್ದೇನೆ. ಹಾಗಾಗಿ ಡಬ್ಬಿಯವರು ಬಿಟ್ಟ ಜಾಗವನ್ನು ನಾನೇ ತುಂಬುತ್ತಿದ್ದೇನೆ.

ಮೊದಲು ವಸ್ತು. ಕಪ್ಪು ಪ್ಲಾಸ್ಟಿಕ್ ಪಟ್ಟಿಯೊಂದರಲ್ಲಿ ಸಾಲಾಗಿ ನಾಲ್ಕು ಪುಟ್ಟ ಫ್ಯಾನುಗಳು, ಹಳೆಯ ಕಂಪ್ಯೂಟರಿನ ಹಿಂಬದಿಯಲ್ಲಿ ಗುಂಯ್ ಎನ್ನುತ್ತಿದ್ದವಲ್ಲ, ಅದೇ ಜಾತಿಯವು. ತೊಟ್ಟಿಯ ಗಾಜಿನ ಅಂಚಿಗೆ ಸಿಕ್ಕಿಸಿ ಬಿಗಿಯಲು ಒಂದು ತಿರುಪು, ವೇಗಕ್ಕೆ ಎರಡು ಹಂತದ ಸ್ವಿಚ್ಚು, 12 ವೋಲ್ಟಿನ ಅಡಾಪ್ಟರು. ಆನ್‌ಲೈನಿನಲ್ಲಿ 1,450 ರೂಪಾಯಿ ಕೊಟ್ಟೆ. ಒಂದೇ ಅಚ್ಚಿನ ಮಾಲು ಹತ್ತು ಹೆಸರಿನಲ್ಲಿ ಮಾರಾಟವಾಗುತ್ತದೆ. ಆದ್ದರಿಂದ ಹೆಸರು ಹೇಳಿ ಪ್ರಯೋಜನವಿಲ್ಲ, ಹೇಳುವ ಮನಸ್ಸೂ ಇಲ್ಲ.

ನಮ್ಮ ತೊಟ್ಟಿ ಮೂರು ಅಡಿ ಉದ್ದ, ಹದಿನೈದು ಇಂಚು ಅಗಲ, ಹದಿನೈದು ಇಂಚು ಎತ್ತರ. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾದ ನೀರು 110 ಲೀಟರ್. ಒಳಗೆ ಎರಡು ಏಂಜೆಲ್, ಆರು ಕೋರಿಡೋರಸ್, ಒಂದಷ್ಟು ಜೀಬ್ರಾ ಡ್ಯಾನಿಯೊ ಮತ್ತು ನಿಯಾನ್ ಟೆಟ್ರಾ. ಈ ನಿಯಾನುಗಳದೇ ತಕರಾರು. ಅಮೆಜಾನ್ ಜಲಾನಯನದ ಮರದ ನೆರಳಿನ ತೊರೆಗಳ ಮೀನು ಅದು. 26 ಡಿಗ್ರಿ ದಾಟಿದರೆ ಮುಖ ಬಾಡಿಸಿಕೊಳ್ಳುತ್ತದೆ. ‘ಉಷ್ಣವಲಯದ ಮೀನು, ಬಿಸಿಲು ಅದಕ್ಕೇನು ಹೊಸದೇ’ ಎಂದು ಕೇಳುವವರನ್ನು ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನ ಎರಡಕ್ಕೆ ನಮ್ಮ ಮನೆಗೆ ಕರೆಯಬೇಕು. ಹೊರಗೆ 42, ಹಜಾರದಲ್ಲಿ 38. ಫ್ಯಾನ್ ಇಲ್ಲದ ಕಾಲದಲ್ಲಿ ತೊಟ್ಟಿಯ ನೀರು 34. ಕೈ ಅದ್ದಿದರೆ ನೀರಿನಲ್ಲಿ ಕೈಯಿಟ್ಟ ಅನುಭವವೇ ಆಗುವುದಿಲ್ಲ, ನಮ್ಮ ಮೈಯಷ್ಟೇ ಬೆಚ್ಚಗೆ.

ಫ್ಯಾನು ಇಲ್ಲದ ಆ ಬೇಸಿಗೆಯ ಕತೆಯನ್ನು ಹೇಳಲೇಬೇಕು, ಏಕೆಂದರೆ ಈ ಫ್ಯಾನು ಮನೆಗೆ ಬಂದದ್ದೇ ಅದರಿಂದ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆವರೆಗೆ. ಎರಡಕ್ಕೆ ಮನೆಗೆ ಬಂದು ಅಂಗಿ ಬಿಚ್ಚುವ ಮೊದಲು ತೊಟ್ಟಿಯ ಮುಂದೆ ನಿಲ್ಲುವುದು ನನ್ನ ರೂಢಿ. ಒಂದು ದಿನ ನೋಡುತ್ತೇನೆ, ನಿಯಾನುಗಳೆಲ್ಲ ಫಿಲ್ಟರಿನ ನೀರು ಬೀಳುವ ಮೂಲೆಯಲ್ಲಿ ಗುಂಪುಗೂಡಿವೆ. ಏಂಜೆಲ್‌ಗಳ ಕಿವಿರು ತಿದಿಯ ಹಾಗೆ ಬಡಿದುಕೊಳ್ಳುತ್ತಿದೆ. ಕೋರಿಡೋರಸ್‌ಗಳು ತಳದಿಂದ ಬಾಣದಂತೆ ಮೇಲಕ್ಕೆ ಚಿಮ್ಮಿ ಒಂದು ಗುಟುಕು ಗಾಳಿ ನುಂಗಿ ಮತ್ತೆ ಕೆಳಗಿಳಿಯುತ್ತಿವೆ. ಈ ಮೀನಿಗೆ ಕರುಳಿನಿಂದಲೂ ಉಸಿರಾಡುವ ಶಕ್ತಿ ಇದೆ. ಅಪರೂಪಕ್ಕೊಮ್ಮೆ ಹೀಗೆ ಮಾಡಿದರೆ ನೋಡಲು ಚೆಂದ. ಆ ದಿನ ನಿಮಿಷಕ್ಕೊಮ್ಮೆ ಮಾಡುತ್ತಿದ್ದವು.

ಕಾರಣ ಸರಳ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ 8 ಮಿಲಿಗ್ರಾಂಗಿಂತ ತುಸು ಹೆಚ್ಚು ಹಿಡಿಸುವ ನೀರು 35 ಡಿಗ್ರಿಯಲ್ಲಿ 7ರಷ್ಟನ್ನೂ ಹಿಡಿದುಕೊಳ್ಳದು. ಅದೇ ಹೊತ್ತಿಗೆ ಬಿಸಿಗೆ ಮೀನಿನ ಮೈಯ ವ್ಯವಹಾರವೆಲ್ಲ ಚುರುಕಾಗಿ ಅದಕ್ಕೆ ಬೇಕಾಗುವ ಆಮ್ಲಜನಕ ಏರುತ್ತದೆ. ಸಂಬಳ ಇಳಿದು ಬಾಡಿಗೆ ಏರಿದ ಹಾಗೆ.

ಮೀನು ಕೊಂಡ ಅಂಗಡಿಗೆ ಫೋನ್ ಮಾಡಿದೆ. ‘ಐಸ್ ಹಾಕಿ ಸರ್’ ಎಂದು ಅಲ್ಲಿನ ಹುಡುಗ ಹೇಳಿದ. ಎಷ್ಟು, ಹೇಗೆ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಕಬ್ಬಿನ ಹಾಲಿನ ಗಾಡಿಯವನಿಂದ ಐದು ಕೆಜಿ ಐಸ್ ತಂದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತೊಟ್ಟಿಯಲ್ಲಿ ತೇಲಿಬಿಟ್ಟೆ. ಮುಕ್ಕಾಲು ಗಂಟೆಯಲ್ಲಿ ನೀರು 34ರಿಂದ 29ಕ್ಕೆ ಇಳಿಯಿತು. ನನಗೆ ಹಿಗ್ಗೋ ಹಿಗ್ಗು. ನಾಲ್ಕನೆಯ ದಿನ ಏಂಜೆಲ್‌ಗಳ ರೆಕ್ಕೆಯ ಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕಿ. ಉಷ್ಣತೆ ಹಠಾತ್ತನೆ ಕುಸಿದಾಗ ಮೀನಿನ ತಡೆಯುವ ಶಕ್ತಿ ಕುಂದಿ, ಕಾದು ಕುಳಿತ ಪರಾವಲಂಬಿ ಜೀವಿ ಮೇಲೆರಗುತ್ತದೆ. ಹನ್ನೆರಡು ನಿಯಾನುಗಳಲ್ಲಿ ಎಂಟು ಹೋದವು, ಒಂದು ಏಂಜೆಲ್ ಹೋಯಿತು. ‘ರೀ, ಬಿಸಿಲಿಗೆ ಸಾಯುತ್ತಿದ್ದವನ್ನು ನೀವು ಚಳಿಗೆ ಸಾಯಿಸಿದಿರಿ’ ಎಂದಳು ನನ್ನ ಹೆಂಡತಿ. ಆ ಮಾತನ್ನು ಇನ್ನೂ ವಾಪಸು ಪಡೆದಿಲ್ಲ.

ಫ್ಯಾನು ಬಂದದ್ದು ಮರು ವರ್ಷ ಮಾರ್ಚ್‌ನಲ್ಲಿ. ಡಬ್ಬಿ ಬಿಚ್ಚಿದಾಗ ನನಗೂ ನಂಬಿಕೆ ಇರಲಿಲ್ಲ. 38 ಡಿಗ್ರಿಯ ಗಾಳಿಯನ್ನೇ ನೀರಿನ ಮೇಲೆ ಬೀಸಿದರೆ ನೀರು ಇನ್ನಷ್ಟು ಕಾಯಬೇಕಲ್ಲವೇ? ಆದರೆ ಹಜಾರದ ಕಿಟಕಿಯಲ್ಲಿ ಕುಳಿತು ಗುಡುಗುಟ್ಟುವ ಹುಲ್ಲಿನ ಕೂಲರು ಮಾಡುವುದೂ ಇದನ್ನೇ, ಅಡುಗೆಮನೆಯ ಮಣ್ಣಿನ ಗಡಿಗೆ ಮಾಡುವುದೂ ಇದನ್ನೇ. ಮೇಲ್ಮೈಯ ನೀರು ಆವಿಯಾಗುವಾಗ ಉಳಿದ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ. ಫ್ಯಾನಿನ ಕೆಲಸ ಆ ಆವಿಯನ್ನು ಪಕ್ಕಕ್ಕೆ ತಳ್ಳಿ ಇನ್ನಷ್ಟು ಆವಿಗೆ ಜಾಗ ಮಾಡಿಕೊಡುವುದಷ್ಟೇ.

ಇಲ್ಲಿ ನನ್ನ ಗುಮಾಸ್ತಿಕೆಯ ಲೆಕ್ಕ ಸ್ವಲ್ಪ ಸಹಿಸಿಕೊಳ್ಳಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೊಕ್ಯಾಲರಿ ಶಾಖ ಬೇಕು. ಅದನ್ನು 110 ಲೀಟರಿಗೆ ಹಂಚಿದರೆ ಐದು ಡಿಗ್ರಿಗಿಂತ ಹೆಚ್ಚಿನ ತಂಪು. ಅದೇ ಒಂದು ಲೀಟರ್ ನೀರನ್ನು ಬಾಟಲಿಯಲ್ಲಿ ಹೆಪ್ಪುಗಟ್ಟಿಸಿ ತೇಲಿಬಿಟ್ಟರೆ, ಐಸ್ ಕರಗಲು 80, ಕರಗಿದ ನೀರು ತೊಟ್ಟಿಯ ಮಟ್ಟಕ್ಕೆ ಏರಲು ಇನ್ನೊಂದು ಮೂವತ್ತು, ಒಟ್ಟು 110 ಕಿಲೊಕ್ಯಾಲರಿ. ಅಂದರೆ ಒಂದೇ ಒಂದು ಡಿಗ್ರಿ. ಫ್ರಿಜ್ಜಿನಲ್ಲಿ ಆರು ಬಾಟಲಿ ಪೇರಿಸಿ, ದಿನಕ್ಕೆ ನಾಲ್ಕು ಬಾರಿ ಬದಲಾಯಿಸಿ, ಮನೆಯವರಿಂದ ಬೈಸಿಕೊಂಡು ಗಳಿಸುವುದನ್ನು ಈ ಫ್ಯಾನು ಒಂದು ಚೊಂಬು ನೀರನ್ನು ಗಾಳಿಗೆ ಕೊಟ್ಟು, ಯಾರಿಗೂ ಗೊತ್ತಾಗದಂತೆ ನಿಧಾನವಾಗಿ ಸಾಧಿಸುತ್ತದೆ. ಆ ನಿಧಾನವೇ ಮೀನಿಗೆ ಬೇಕಾದದ್ದು.

ರಿಜಿಸ್ಟರಿನಿಂದ ಎರಡು ಸಾಲು. ಮೇ ತಿಂಗಳ ಮೊದಲ ವಾರ, ಮಧ್ಯಾಹ್ನ ಮೂರು ಗಂಟೆ, ಹಜಾರ 38, ತೊಟ್ಟಿ 28.5. ಅದೇ ದಿನ ರಾತ್ರಿ ಹನ್ನೊಂದು, ಹಜಾರ 33, ತೊಟ್ಟಿ 27. ನಿಯಾನುಗಳಿಗೆ ಇದೂ ತುಸು ಹೆಚ್ಚೇ, ಆದರೆ ಅವು ಗುಂಪು ಬಿಟ್ಟು ಗಿಡಗಳ ನಡುವೆ ಓಡಾಡುತ್ತಿದ್ದವು, ತಿಂಡಿಗೆ ಬರುತ್ತಿದ್ದವು. ಡಬ್ಬಿಯವರು ಹೇಳಿದ್ದಕ್ಕಿಂತ ಹೆಚ್ಚೇ ತಂಪು ಸಿಕ್ಕಿತು ಎಂದು ಧಾರಾಳವಾಗಿ ಬರೆಯಬಲ್ಲೆ.

ಈ ಸಂತೋಷದಲ್ಲಿ ಮಂಗಳೂರಿನಲ್ಲಿರುವ ನನ್ನ ಷಡ್ಡಕನಿಗೂ ಹೇಳಿದೆ. ಅವರ ಮನೆಯಲ್ಲಿ ಎರಡಡಿಯ ತೊಟ್ಟಿ ಇದೆ. ಅದೇ ಫ್ಯಾನು ತರಿಸಿ ಕಟ್ಟಿದರು. ಹತ್ತು ದಿನ ಬಿಟ್ಟು ಫೋನ್ ಬಂತು. ‘ಏನು ಮಾರಾಯರೇ, ಒಂದು ಡಿಗ್ರಿಗಿಂತ ಹೆಚ್ಚು ಇಳಿಯುವುದಿಲ್ಲ! ಸದ್ದು ಮಾತ್ರ ಉಂಟು.’ 32 ಇದ್ದದ್ದು 31 ಆಗಿತ್ತಂತೆ. ಕೆಟ್ಟ ಮಾಲು ಬಂದಿರಬೇಕೆಂದು ಅವರು ಒಂದು ಸ್ಟಾರ್ ಕೊಟ್ಟು ಹಾಕಿದರು. ಮಾಲು ಕೆಟ್ಟಿರಲಿಲ್ಲ. ಮಂಗಳೂರಿನ ಗಾಳಿ ಮೊದಲೇ ನೀರು ಕುಡಿದು ತೇಗುತ್ತಿರುತ್ತದೆ; ಇನ್ನೊಂದು ಲೋಟ ಕೊಟ್ಟರೆ ಎಲ್ಲಿಗೆ ಹಾಕಿಕೊಳ್ಳುತ್ತದೆ? ನಮ್ಮ ಕಲಬುರಗಿಯ ಏಪ್ರಿಲ್ ಗಾಳಿಯಾದರೋ ನೆನೆ ಹಾಕಿದ ಬಟ್ಟೆಯನ್ನು ಹಗ್ಗಕ್ಕೆ ಹಾಕಿ ತಿರುಗುವಷ್ಟರಲ್ಲಿ ಒಣಗಿಸಿ ಗರಿಗರಿ ಮಾಡುವ ಪೈಕಿ.

ಆದ್ದರಿಂದ ಈ ಫ್ಯಾನು ಕೊಳ್ಳುವ ಮೊದಲು ಹತ್ತು ನಿಮಿಷದ ಒಂದು ಪರೀಕ್ಷೆ ಮಾಡಿ ಎಂಬುದೇ ನನ್ನ ಮುಖ್ಯ ಮಾತು. ಸಾಧಾರಣ ಥರ್ಮಾಮೀಟರಿನ ತುದಿಗೆ ಹಳೆಯ ಧೋತರದ ತುಣುಕು ಸುತ್ತಿ, ಒದ್ದೆ ಮಾಡಿ, ತೊಟ್ಟಿ ಇರುವ ಕೋಣೆಯಲ್ಲೇ ಟೇಬಲ್ ಫ್ಯಾನಿನ ಮುಂದೆ ಹಿಡಿಯಿರಿ. ಜ್ವರ ನೋಡುವ ಥರ್ಮಾಮೀಟರು ಆಗದು. ಪಾದರಸವೋ ಅಂಕಿಯೋ ಇಳಿದು ಒಂದೆಡೆ ನಿಲ್ಲುತ್ತದೆ. ಎಷ್ಟೇ ಫ್ಯಾನು ಕಟ್ಟಿದರೂ ತೊಟ್ಟಿಯ ನೀರು ಅದಕ್ಕಿಂತ ಕೆಳಗೆ ಇಳಿಯದು. ವಾಸ್ತವದಲ್ಲಿ ಅದಕ್ಕಿಂತ ಮೂರು ನಾಲ್ಕು ಡಿಗ್ರಿ ಮೇಲೆಯೇ ನಿಲ್ಲುತ್ತದೆ. ನಮ್ಮ ಹಜಾರದಲ್ಲಿ 38ರ ಗಾಳಿಗೆ ಒದ್ದೆ ಬಟ್ಟೆ ತೋರಿಸಿದ್ದು 24. ಷಡ್ಡಕನವರಿಂದಲೂ ಇದನ್ನೇ ಮಾಡಿಸಿದೆ. 33ರ ಗಾಳಿಗೆ ಅಲ್ಲಿ 29. ಫ್ಯಾನು ಏನು ತಾನೇ ಮಾಡೀತು ಪಾಪ. ರಾಯಚೂರು, ಬಳ್ಳಾರಿ, ವಿಜಯಪುರದವರು ಕಣ್ಣು ಮುಚ್ಚಿಕೊಂಡು ಖರೀದಿಸಬಹುದು. ಕರಾವಳಿಯವರು ಆ ದುಡ್ಡನ್ನು ಇಟ್ಟುಕೊಂಡು, ಏರ್ ಪಂಪಿಗೆ ಗುಳ್ಳೆ ಬಿಡುವ ಇನ್ನೊಂದು ಕಲ್ಲು ಸೇರಿಸಿ, ನೀರು ಬೆಚ್ಚಗಿದ್ದರೂ ಬದುಕುವ ಮೀನುಗಳನ್ನು ಸಾಕುವುದು ಲೇಸು. ಬೇಸಿಗೆಯಲ್ಲಿ ಅಷ್ಟಾಗಿ ಕಾಯದ ಊರಿನವರಿಗೆ ಇದು ಬೇಕೇ ಆಗಲಿಕ್ಕಿಲ್ಲ.

ನಮ್ಮ ಮನೆಯಲ್ಲೇ ಒಂದು ಪುಟ್ಟ ಮಂಗಳೂರು ಸೃಷ್ಟಿಯಾದ ಪ್ರಸಂಗವೂ ಉಂಟು. ಒಂದು ವಾರ ತೊಟ್ಟಿ 30ರಿಂದ ಕೆಳಗೆ ಇಳಿಯಲೇ ಇಲ್ಲ. ಫ್ಯಾನು ಸರಿಯಾಗಿ ತಿರುಗುತ್ತಿದೆ, ನೀರಿನ ಮಟ್ಟ ಮಾತ್ರ ಎಂದಿನಷ್ಟು ಕಡಿಮೆಯಾಗುತ್ತಿಲ್ಲ. ಆಮೇಲೆ ಹೊಳೆಯಿತು: ಧೂಳು ಬರುತ್ತದೆಂದು ಎಲ್ಲ ಕಿಟಕಿ ಮುಚ್ಚಿ, ಕೂಲರನ್ನು ಹಜಾರದೊಳಗೇ ತಂದಿಟ್ಟುಕೊಂಡಿದ್ದೆವು. ಒಳಗಿನ ಗಾಳಿಯನ್ನೇ ಅದು ಮತ್ತೆ ಮತ್ತೆ ಒದ್ದೆ ಮಾಡುತ್ತಿತ್ತು. ನಮ್ಮ ಮೈಗೂ ಅಂಟು, ಮೀನಿಗೂ ಸೆಕೆ. ಕೂಲರನ್ನು ಮತ್ತೆ ಕಿಟಕಿಗೆ ಕೂರಿಸಿ, ಎದುರಿನ ಕಿಟಕಿ ಒಂದು ಗೇಣು ತೆರೆದಿಟ್ಟ ದಿನವೇ ತೊಟ್ಟಿ 28ಕ್ಕೆ ಬಂತು.

ಇನ್ನು ಖರ್ಚಿನ ಮಾತು. ವಿದ್ಯುತ್ತು ನಗಣ್ಯ: ಆರು ವ್ಯಾಟ್, ತಿಂಗಳೆಲ್ಲ ಓಡಿದರೂ ನಾಲ್ಕೈದು ಯೂನಿಟ್. ಗೃಹಜ್ಯೋತಿಯ ಲೆಕ್ಕದಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ. ನಿಜವಾದ ಖರ್ಚು ನೀರಿನದು. ಕಡು ಬೇಸಿಗೆಯಲ್ಲಿ ದಿನಕ್ಕೆ ಎರಡು ಲೀಟರ್ ಹಾರಿಹೋಗುತ್ತದೆ. ಗಾಜಿನ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ನೋಡಿದ್ದೇನೆ, ದಿನಕ್ಕೆ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು. ಎರಡು ತಿಂಗಳಿಗೆ 120 ಲೀಟರ್, ಅಂದರೆ ಒಂದಿಡೀ ತೊಟ್ಟಿಯೇ ಗಾಳಿಗೆ ಹೋಯಿತು. ಹಾರುವುದು ನೀರು ಮಾತ್ರ, ಅದರ ಲವಣವೆಲ್ಲ ಇಲ್ಲೇ ಉಳಿಯುತ್ತದೆ. ನಮ್ಮ ಬೋರ್‌ವೆಲ್ ನೀರನ್ನೇ ಮತ್ತೆ ಮತ್ತೆ ಸುರಿಯುತ್ತ, ಹಳೆಯದನ್ನು ಬದಲಾಯಿಸದೆ ಬಿಟ್ಟಿದ್ದರೆ ಮೇ ಕೊನೆಗೆ ಗಡಸುತನ ಇಮ್ಮಡಿಯಾಗಿರುತ್ತಿತ್ತು. ನಮ್ಮ ನೀರು ಹೇಗೆಂದರೆ, ಬಕೆಟ್ಟಿನ ಅಂಚಿನ ಬಿಳಿ ಪದರವನ್ನು ಉಗುರಿನಿಂದ ಕೆರೆದು ತೆಗೆಯಬಹುದು. ಆದ್ದರಿಂದ ಆವಿಯಾದ ಪಾಲಿಗೆ ಬಡಾವಣೆಯ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ ತಂದ ಇಪ್ಪತ್ತು ಲೀಟರ್ ಕ್ಯಾನಿನ ನೀರು. ಒಂದು ಕ್ಯಾನು ಹತ್ತು ದಿನಕ್ಕೆ ಬರುತ್ತದೆ. ವಾರದ ನೀರು ಬದಲಾವಣೆಗೆ ಎಂದಿನಂತೆ ಬೋರ್‌ವೆಲ್ ನೀರೇ ಸಾಕು.

(ಗಡಸು ನೀರಿನ ಮಾತು ಬಂದಿದ್ದರಿಂದ: ಅಂಗಳದಲ್ಲಿ ಬಿದ್ದಿದ್ದ ಶಹಾಬಾದ್ ಕಲ್ಲಿನ ತುಂಡೊಂದನ್ನು ಅಂದವಾಗಿದೆ ಎಂದು ನನ್ನ ಮಗ ತೊಟ್ಟಿಯಲ್ಲಿ ನಿಲ್ಲಿಸಿದ್ದ. ಅದು ಸುಣ್ಣದ ಕಲ್ಲು. ಲಿಂಬೆರಸ ಹಿಂಡಿದರೆ ನೊರೆ ಬರುತ್ತದೆ. ನಿಯಾನು ಇರುವ ತೊಟ್ಟಿಗೆ ಅದು ಬೇಡ.)

ತಯಾರಕರು ಡಬ್ಬಿಯಲ್ಲಿ ಹೇಳದೆ ಬಿಟ್ಟ ಇನ್ನೂ ಕೆಲವು ಸಂಗತಿಗಳಿವೆ. ಫ್ಯಾನು ಕೆಲಸ ಮಾಡಬೇಕಾದರೆ ತೊಟ್ಟಿಯ ಮುಚ್ಚಳ ತೆಗೆಯಬೇಕು, ಮುಚ್ಚಳ ತೆಗೆದರೆ ಡ್ಯಾನಿಯೊ ಹಾರುತ್ತದೆ. ಮೊದಲ ವಾರವೇ ಒಂದು, ಬೆಳಿಗ್ಗೆ ಫರಸಿಯ ಮೇಲೆ ಒಣ ಮೆಣಸಿನಕಾಯಿಯ ಹಾಗೆ ಬಿದ್ದಿತ್ತು. ಹಳೆಯ ಸೊಳ್ಳೆ ಪರದೆಯನ್ನು ಕತ್ತರಿಸಿ, ಎಲಾಸ್ಟಿಕ್ ಪಟ್ಟಿ ಹೊಲಿದು ಮೇಲೆ ಬಿಗಿದೆವು. ಫ್ಯಾನನ್ನು ನೇರ ಕೆಳಕ್ಕೆ ಬೀಸುವಂತೆ ಇಡಬೇಡಿ. ಒಂದು ಬದಿಯಿಂದ ಇನ್ನೊಂದು ಬದಿಗೆ ನೀರಿನ ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಕೂರಿಸಿದರೆ ನನ್ನ ಅಳತೆಯಲ್ಲಿ ಅರ್ಧ ಡಿಗ್ರಿ ಲಾಭ. ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಇಳಿದು ಆಮೇಲೆ ಮೇಲಕ್ಕೆ ಹೋಗುವಂತಿರಲಿ. ವೈರಿನಗುಂಟ ಜಾರುವ ಹನಿ ಪ್ಲಗ್ಗಿಗೆ ತಲುಪುವ ಮೊದಲೇ ನೆಲಕ್ಕೆ ಬೀಳುತ್ತದೆ.

ಫ್ಯಾನಿಗೆ ತನ್ನದೇ ಬುದ್ಧಿ ಇಲ್ಲ. ಏಪ್ರಿಲ್‌ನಲ್ಲಿ ಒಂದು ಸಂಜೆ ಗುಡುಗು ಮಳೆ ಬಂದು, ರಾತ್ರಿ ಹವೆ ತಣಿದು, ಬೆಳಿಗ್ಗೆ ನೋಡಿದರೆ ತೊಟ್ಟಿ 24. ಮತ್ತೆ ಬಿಳಿ ಚುಕ್ಕಿ ಬಂದೀತೆಂದು ಒಂದು ವಾರ ಕನ್ನಡಕ ಹಾಕಿಕೊಂಡು ರೆಕ್ಕೆ ರೆಕ್ಕೆ ನೋಡಿದೆ. ಬರಲಿಲ್ಲ. ಆದರೂ ಎಸ್‌ಟಿಸಿ-1000 ಎಂಬ ಹೆಸರಿನಲ್ಲಿ ಸಿಗುವ ಅಗ್ಗದ ಥರ್ಮೋಸ್ಟ್ಯಾಟ್ ತರಿಸಿ, ಪರಿಚಯದ ಎಲೆಕ್ಟ್ರೀಷಿಯನ್ ಕೈಯಲ್ಲಿ ಜೋಡಿಸಿದೆ. 28 ದಾಟಿದರೆ ಫ್ಯಾನು ಶುರು, 27ಕ್ಕೆ ಬಂದ್. ಅಂದಿನಿಂದ ರಾತ್ರಿ ನಿದ್ದೆ ಬರುತ್ತಿದೆ. ಇದನ್ನು ಒಳಗೇ ಕೊಟ್ಟು ಇನ್ನು ಐನೂರು ಹೆಚ್ಚು ಕೇಳಿದ್ದರೂ ನಾನು ಕೊಡುತ್ತಿದ್ದೆ.

ಕರೆಂಟು ಹೋದಾಗಿನ ಗತಿ? 12 ವೋಲ್ಟಿನದಾದ್ದರಿಂದ ಇಂಟರ್‌ನೆಟ್ ರೌಟರಿಗೆ ಇಡುವ ಪುಟ್ಟ ಯುಪಿಎಸ್‌ಗೆ ನೇರವಾಗಿ ಸಿಕ್ಕಿಸಬಹುದು. ಮೂರು ಗಂಟೆ ಓಡುತ್ತದೆ. ನಮ್ಮ ಮನೆಯಲ್ಲಿ ಕರೆಂಟು ಹೋದರೆ ಮಗನ ಮೊಬೈಲಿಗೆ ವೈಫೈ ಇಲ್ಲ, ಮೀನಿಗೆ ಗಾಳಿ ಉಂಟು.

ಅವನೂ ಒಂದು ಸಲ ‘ಅಪ್ಪಾ, ಚಿಲ್ಲರ್ ತಂದುಬಿಡಿ’ ಎಂದ. ಫ್ರಿಜ್ಜಿನಂತೆ ನೀರನ್ನು ತಣಿಸುವ ಯಂತ್ರ ಅದು. ವಿಚಾರಿಸಿದೆ. ನಮ್ಮ ಅಳತೆಗೆ ಮೂವತ್ತು ಸಾವಿರದ ಆಸುಪಾಸು. ಅದು ನೀರಿನಿಂದ ತೆಗೆದ ಶಾಖವನ್ನೆಲ್ಲ ನಾವು ಕುಳಿತ ಕೋಣೆಗೇ ಉಗುಳುತ್ತದೆ. ಮೀನು ತಣ್ಣಗಿದ್ದು ಮನೆಯವರು ಬೇಯುವ ಏರ್ಪಾಡು ನಮಗೆ ಬೇಡವೆನಿಸಿತು.

ಈಗ ಒಂದು ಸ್ಟಾರ್ ಯಾಕೆ ಕಡಿತ ಎಂಬುದಕ್ಕೆ ಬರುತ್ತೇನೆ. ಸದ್ದು. ಮೇಲಿನ ವೇಗದಲ್ಲಿ ಪಕ್ಕದ ಮನೆಯ ಮಿಕ್ಸಿ ಗೋಡೆಯಾಚೆ ತಿರುಗಿದಷ್ಟು, ಅದೂ ಬಿಡುವಿಲ್ಲದೆ. ಕೆಳಗಿನ ವೇಗ ಸಹ್ಯ, ಆದರೆ ಮೇ ತಿಂಗಳಿಗೆ ಅದು ಸಾಲದು. ಎರಡನೆಯ ಬೇಸಿಗೆಯ ನಡುವೆ ನಾಲ್ಕರಲ್ಲಿ ಒಂದು ಫ್ಯಾನು ಮೊದಲು ಕಿರುಗುಟ್ಟಿತು, ಆಮೇಲೆ ನಿಂತೇಬಿಟ್ಟಿತು. ತಿರುಪು ಬಿಚ್ಚಿ ನೋಡಿದರೆ ನಡುವಿನ ಬೇರಿಂಗಿನ ಸುತ್ತ ಬಿಳಿ ಸುಣ್ಣ ಮತ್ತು ತುಕ್ಕು. ಹಗಲಿರುಳು ನೀರಿನ ಮೇಲೆಯೇ ಇರುವ ಸಾಮಾನಿಗೆ ನೀರು ತಾಳದ ಬೇರಿಂಗ್ ಹಾಕುವುದು ಯಾವ ಬುದ್ಧಿವಂತಿಕೆಯೋ ಕಾಣೆ. ಖಾತರಿ ಆರು ತಿಂಗಳು. ನನ್ನದು ಹದಿನಾಲ್ಕನೆಯ ತಿಂಗಳಲ್ಲಿ ನಿಂತಿತು. ಬಿಡಿ ಫ್ಯಾನು ಕೊಡುತ್ತೀರಾ ಎಂದು ಮಾರಿದವರಿಗೆ ಬರೆದೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಉತ್ತರ ಬಂತು. ಆ ವಾಕ್ಯದ ಅರ್ಥ ಮೂವತ್ತು ವರ್ಷದಿಂದ ಕಡತ ನೋಡುತ್ತಿರುವ ನನಗೆ ಚೆನ್ನಾಗಿ ತಿಳಿಯುತ್ತದೆ.

ಷಡ್ಡಕನವರಿಗೆ ಫೋನ್ ಮಾಡಿದೆ. ಅವರ ಫ್ಯಾನು ಡಬ್ಬಿಯಲ್ಲೇ ಅಟ್ಟ ಸೇರಿತ್ತು. ‘ಕೊಂಡುಹೋಗಿ ಮಾರಾಯರೇ, ಇಲ್ಲಿ ಅದು ಲೊಟಲೊಟ ಶಬ್ದ ಮಾಡಲಿಕ್ಕೆ ಮಾತ್ರ’ ಎಂದರು. ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಕಳಿಸಿದರು. ಮರುದಿನ ಕಚೇರಿ ಮುಗಿಸಿ ಬಸ್ ನಿಲ್ದಾಣದಿಂದ ಬಿಸಿಲಲ್ಲಿ ತಂದೆ. ಒಂದು ಫ್ಯಾನು ಬಿಚ್ಚಿ ನನ್ನ ಪಟ್ಟಿಗೆ ಹಾಕಿದ್ದೇನೆ. ಉಳಿದ ಮೂರು ಡಬ್ಬಿಯಲ್ಲಿವೆ, ಜೊತೆಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಪುಟ್ಟ ಶೀಷೆ. ಇವತ್ತು ಮಧ್ಯಾಹ್ನ ಮೂರಕ್ಕೆ ತೊಟ್ಟಿ 28, ಷರಾ ಕಾಲಂ ಖಾಲಿ.